ಮೀನಿಗೂ ಕಣ್ಣಿನ ಆಪರೇಷನ್!

ಸಿಂಗಪುರದ ಒಂದು ಅಕ್ವೇರಿಯಂ ಅಂಗಡಿ. ಅರಿವಳಿಕೆ ಬೆರೆಸಿದ ನೀರಿನಲ್ಲಿ ಕೆಂಡಗೆಂಪು ಹುರುಪೆಯ ಉದ್ದನೆಯ ಮೀನೊಂದು ಮಗ್ಗುಲಾಗಿ ಮಲಗಿದೆ. ಕಿವಿರಿನ ಮುಚ್ಚಳ ನಿಧಾನವಾಗಿ ಏಳುತ್ತಿದೆ, ಬೀಳುತ್ತಿದೆ. ಪಳಗಿದ ಕೈಯೊಂದು ಸಣ್ಣ ಚಿಮಟ ಹಿಡಿದು ಅದರ ಕಣ್ಣುಗುಡ್ಡೆಯ ಹಿಂದಿನ ಅಂಗಾಂಶವನ್ನು ಸಡಿಲಿಸುತ್ತದೆ. ಕೆಳಕ್ಕೆ ಜೋತ ಗುಡ್ಡೆಯನ್ನು ಮೆಲ್ಲನೆ ಮೇಲಕ್ಕೆ ತಳ್ಳಿ ಗೂಡಿನಲ್ಲಿ ಕೂರಿಸುತ್ತದೆ. ಕೆಲವೇ ನಿಮಿಷದ ಕೆಲಸ! ಶುದ್ಧ ನೀರಿಗೆ ಬಿಟ್ಟ ಮೇಲೆ ಮೀನು ಮೈಮುರಿದು ಏಳುತ್ತದೆ. ನೋಟ ಈಗ ನೇರವಾಗಿದೆ.

ಹೌದು, ಮೀನಿಗೂ ಕಣ್ಣಿನ ಆಪರೇಷನ್ ಉಂಟು. ಮಾಡಿಸಿಕೊಳ್ಳುವುದು ಏಷ್ಯಾದ ಅರೋವಾನಾ. ಚೀನೀ ಮೂಲದ ಜನ ಇದನ್ನು ಡ್ರ್ಯಾಗನ್ ಮೀನು ಎನ್ನುತ್ತಾರೆ, ಮನೆಯಲ್ಲಿದ್ದರೆ ಅದೃಷ್ಟ ಎಂದು ನಂಬುತ್ತಾರೆ. ಲೋಹದ ಹೊಳಪಿನ ದೊಡ್ಡ ದೊಡ್ಡ ಹುರುಪೆ, ಬಾಯಿಯ ತುದಿಯಲ್ಲಿ ಎರಡು ಮೀಸೆ, ಬೆಳೆದರೆ ಸುಮಾರು 90 ಸೆಂಟಿಮೀಟರ್ ಉದ್ದದ ಮೈ. ಫಾರಂನಲ್ಲಿ ಹುಟ್ಟಿ ಮಾರಾಟವಾಗುವ ಮೀನಿಗೆ ಮೈಯೊಳಗೊಂದು ಮೈಕ್ರೋಚಿಪ್, ಜೊತೆಗೊಂದು ಪ್ರಮಾಣಪತ್ರ! ಒಳ್ಳೆಯ ಬಣ್ಣದ್ದಕ್ಕೆ ಸಾವಿರಾರು ಡಾಲರ್ ಬೆಲೆ. ಇಂಥ ಮೀನಿನ ಕಣ್ಣು ಕೆಳಗೆ ಜೋತುಬಿದ್ದರೆ ಸ್ಪರ್ಧೆಯಲ್ಲಿ ಅಂಕ ಹೋಯಿತು, ಮಾರುಕಟ್ಟೆಯಲ್ಲಿ ಬೆಲೆ ಹೋಯಿತು. ಸಾಕುವವರ ಬಾಯಲ್ಲಿ ಇದರ ಹೆಸರು ‘ಡ್ರಾಪ್ ಐ’.

ಇಷ್ಟಕ್ಕೇ ನಿಲ್ಲಿಸಿದರೆ ಇದು ಉಳ್ಳವರ ಹುಚ್ಚಿನ ಕತೆ. ಆದರೆ ಆ ಕಣ್ಣು ಯಾಕೆ ಜೋತಿತು ಎಂದು ಒಂದು ಪ್ರಶ್ನೆ ಹಾಕಿ ನೋಡಿ! ಬೋರ್ನಿಯೊ ಕಾಡಿನ ಕಪ್ಪು ನೀರು, ಬಕೆಟ್‌ನೊಳಗೆ ಕೂತ ಕ್ಯಾಮೆರಾ, ಹುಚ್ಚು ಹಸು ರೋಗ, ಖಂಡಗಳ ಪಯಣ, ಎಲ್ಲವೂ ಒಂದರ ಬೆನ್ನಿಗೊಂದು ಬಂದು ನಿಲ್ಲುತ್ತವೆ. ಮೀನಿನ ಕಣ್ಣು ಚೆನ್ನಾಗಿರುವಷ್ಟು ದಿನ ಅದು ಎಂಥ ಅದ್ಭುತ ಎಂದು ಯಾರೂ ಯೋಚಿಸುವುದಿಲ್ಲ. ಕೆಟ್ಟ ದಿನ ಅದರ ಗುಟ್ಟೆಲ್ಲ ಬಯಲಾಗುತ್ತದೆ.

ಮೇಲೆ ನೋಡಲೆಂದೇ ಹುಟ್ಟಿದ್ದು

ಮೊದಲು ಈ ಮೀನಿನ ತವರಿಗೆ ಹೋಗೋಣ. ಕೆಂಪು ಅರೋವಾನಾದ ಊರು ಬೋರ್ನಿಯೊ ದ್ವೀಪದಲ್ಲಿರುವ ಇಂಡೊನೇಷ್ಯಾದ ಪಶ್ಚಿಮ ಕಾಲಿಮಂತಾನ್. ಅಲ್ಲಿ ಕಾಪುವಾಸ್ ನದಿ ಉಕ್ಕಿದಾಗ ಕಾಡೇ ಕೆರೆಯಾಗುತ್ತದೆ. ಉದುರಿದ ಎಲೆಗಳ ಒಗರು ಇಳಿದು ನೀರು ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಮಬ್ಬಿನಲ್ಲಿ ಅರೋವಾನಾ ಮೇಲ್ಮೈಗೆ ಅಂಟಿಕೊಂಡೇ ತಿರುಗುತ್ತದೆ. ಬೆನ್ನು ಚಪ್ಪಟೆ, ಬಾಯಿ ಮೇಲ್ಮುಖ, ಕಣ್ಣು ತಲೆಯ ಮೇಲ್ಭಾಗಕ್ಕೆ ಹತ್ತಿರ. ಕೊಂಬೆಯಿಂದ ಮಿಡತೆಯೋ ಜೀರುಂಡೆಯೋ ಬಿದ್ದರೆ ಸಾಕು, ಗುಳುಂ! ದಕ್ಷಿಣ ಅಮೆರಿಕದಲ್ಲಿರುವ ಇದರ ದಾಯಾದಿ ಬೆಳ್ಳಿ ಅರೋವಾನಾ ಇನ್ನೂ ಒಂದು ಕೈ ಮೇಲು. ಅಮೆಜಾನ್ ನೆರೆಯಲ್ಲಿ ಮುಳುಗಿದ ಕಾಡಿನೊಳಗೆ ಅದು ನೀರಿನಿಂದ ಹೊರಕ್ಕೆ ನೆಗೆದು ಕೊಂಬೆಯ ಮೇಲಿನ ಹುಳುವನ್ನೇ ಕಿತ್ತುಕೊಳ್ಳುತ್ತದೆ. ಅಲ್ಲಿಯ ಜನ ಅದಕ್ಕೆ ನೀರು ಮಂಗ ಎಂದು ಹೆಸರಿಟ್ಟಿದ್ದಾರೆ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ‘ವಾಸ್ತು ಮೀನು’ ಎಂದು ಮಾರಾಟವಾಗುವುದು ಹೆಚ್ಚಾಗಿ ಈ ಬೆಳ್ಳಿ ಅರೋವಾನಾವೇ.

ನೀರಿನೊಳಗಿಂದ ಮೇಲೆ ನೋಡಿದರೆ ಏನು ಕಾಣುತ್ತದೆ? ಇಲ್ಲಿ ಮೊದಲ ಬೆರಗು ಕಾದಿದೆ. ಗಾಳಿಯಿಂದ ನೀರಿಗೆ ಇಳಿಯುವ ಬೆಳಕು ಬಾಗುತ್ತದಲ್ಲ, ಹಾಗಾಗಿ ದಿಗಂತದಿಂದ ದಿಗಂತದವರೆಗಿನ ಇಡೀ ಆಕಾಶ, ದಡದ ಮರಗಳು, ಹಾರುವ ಹಕ್ಕಿ, ಎಲ್ಲವೂ ಸುಮಾರು 97 ಡಿಗ್ರಿಯ ಒಂದು ವೃತ್ತದೊಳಗೆ ಅಡಕವಾಗುತ್ತವೆ. ಆ ವೃತ್ತದಾಚೆ ನೀರಿನ ಮೇಲ್ಮೈ ಶುದ್ಧ ಕನ್ನಡಿ, ಅಲ್ಲಿ ಕಾಣುವುದು ಕೆರೆಯ ತಳದ ಪ್ರತಿಬಿಂಬ! ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಇದನ್ನು ಚಿತ್ರದಲ್ಲಿ ಹಿಡಿಯಲು ಹೊರಟರು. ಬಕೆಟ್‌ನ ತಳದಲ್ಲಿ ಛಾಯಾಚಿತ್ರದ ಫಲಕವಿಟ್ಟು, ಅದರ ಮೇಲೆ ಸೂಜಿರಂಧ್ರ ಕೂರಿಸಿ, ನೀರು ತುಂಬಿ ಫೋಟೊ ತೆಗೆದರು. 1906ರಲ್ಲಿ ಪ್ರಕಟವಾದ ಆ ಚಿತ್ರಗಳಿಂದಲೇ ಮುಂದೆ ‘ಫಿಶ್ ಐ’ ಲೆನ್ಸ್ ಎಂಬ ಮಾತು ಹುಟ್ಟಿತು. ಅರೋವಾನಾ ಬದುಕುವುದು ಆ ಬೆಳಕಿನ ವೃತ್ತವನ್ನು ಕಾಯುತ್ತ. ಅದರೊಳಗೆ ಒಂದು ನೆರಳು ಅಲುಗಿದರೆ ಅದೇ ಊಟದ ಕರೆ.

ಗಾಜಿನ ಮನೆಯಲ್ಲಿ ಎಲ್ಲ ತಿರುಗುಮುರುಗು

ಈಗ ಅದೇ ಮೀನನ್ನು ತಂದು ಹಾಲ್‌ನ ಮೂಲೆಯ ತೊಟ್ಟಿಗೆ ಬಿಡಿ. ಮೇಲೆ ಮುಚ್ಚಳ, ಮುಚ್ಚಳಕ್ಕೊಂದು ಟ್ಯೂಬ್‌ಲೈಟ್. ಆಕಾಶ ಇಲ್ಲ, ಕೊಂಬೆ ಇಲ್ಲ, ಬೀಳುವ ಹುಳುವೂ ಇಲ್ಲ. ನಡೆಯುವುದೆಲ್ಲ ಕೆಳಗೆ! ಹಾಕಿದ ಆಹಾರ ತಳಕ್ಕೆ ಮುಳುಗುತ್ತದೆ. ತೊಟ್ಟಿಯ ಸಂಗಾತಿಗಳು ಕೆಳಗೆ ಓಡಾಡುತ್ತವೆ. ಸೋಫಾದಲ್ಲಿ ಕೂತ ಮನುಷ್ಯರೂ ಮೀನಿಗಿಂತ ತಗ್ಗಿನಲ್ಲಿ. ತಳದ ಗಾಜಿನಲ್ಲಿ ಅದರದೇ ಪ್ರತಿಬಿಂಬ ತೇಲುತ್ತದೆ. ಮೇಲೆ ನೋಡಲು ಹುಟ್ಟಿದ ಕಣ್ಣು ಹಗಲಿಡೀ ಕೆಳಗೆ ನೋಡುತ್ತದೆ. ಅದೇ ಅದನ್ನು ಎಳೆದು ಬೀಳಿಸುತ್ತದೆ ಎಂಬುದು ಸಾಕುವವರು ಕೊಡುವ ಒಂದು ವಿವರಣೆ.

ಎರಡನೆಯ ವಿವರಣೆ ಕೊಬ್ಬಿನದು. ಕಾಡಿನಲ್ಲಿ ಹುಳುಹುಪ್ಪಟೆಗಾಗಿ ದಿನವಿಡೀ ಅಲೆಯುವ ಮೀನಿಗೆ ಮನೆಯಲ್ಲಿ ಕೂತಲ್ಲೇ ಕೊಬ್ಬಿನ ತುಂಡು ಸಿಗುತ್ತದೆ. ಹೆಚ್ಚಾದದ್ದು ಕಣ್ಣುಗುಡ್ಡೆಯ ಹಿಂದೆಯೂ ಶೇಖರವಾಗಿ ಗುಡ್ಡೆಯನ್ನು ಹೊರಕ್ಕೂ ಕೆಳಕ್ಕೂ ದಬ್ಬುತ್ತದೆ. ಗಾಜಿಗೆ ಗುದ್ದಿ ಆದ ಪೆಟ್ಟು, ಮೇಲಿನಿಂದ ನೇರ ಬಡಿಯುವ ಬೆಳಕು, ವಂಶದ ದೋಷ, ಇವನ್ನೂ ಹೇಳುವವರಿದ್ದಾರೆ. ವಾದ ಇನ್ನೂ ಮುಗಿದಿಲ್ಲ. ಆದರೆ ಬಯಲಿನ ಮಣ್ಣಿನ ಕೊಳಗಳಲ್ಲಿ ಬೆಳೆದ ಅರೋವಾನಾಗಳಿಗೆ ಡ್ರಾಪ್ ಐ ಅಪರೂಪ ಎಂಬುದು ಸಾಕಣೆಗಾರರ ಅನುಭವ. ಮಣ್ಣಿನ ಕೊಳಕ್ಕೆ ಗಾಜಿನ ಗೋಡೆ ಇಲ್ಲ, ಅಲ್ಲಿ ಮೇಲೆ ನಿಜವಾದ ಆಕಾಶವಿದೆ!

ಅದಕ್ಕೆ ಸಾಕುವವರು ಹೂಡುವ ಉಪಾಯ ಕೇಳಿದರೆ ನಗು ಬರುತ್ತದೆ, ಮರುಕ್ಷಣ ತಲೆದೂಗುವಂತಾಗುತ್ತದೆ. ತೊಟ್ಟಿಯ ನೀರಿನ ಮೇಲೆ ಒಂದು ಪಿಂಗ್‌ಪಾಂಗ್ ಚೆಂಡು ತೇಲಿಬಿಡುತ್ತಾರೆ! ಅಲುಗಾಡುವ ಚೆಂಡಿನತ್ತ ಮೀನಿನ ನೋಟ ಏಳಲಿ ಎಂದು. ತಳಕ್ಕೂ ಪಕ್ಕದ ಗಾಜಿಗೂ ಕಡುಬಣ್ಣದ ಹಾಳೆ ಅಂಟಿಸುತ್ತಾರೆ, ತೇಲುವ ಆಹಾರವನ್ನೇ ಕೊಡುತ್ತಾರೆ. ಆಪರೇಷನ್ ಗುಡ್ಡೆಯನ್ನು ಎತ್ತುತ್ತದೆ, ಅಭ್ಯಾಸವನ್ನು ಎತ್ತುವುದಿಲ್ಲ. ತೊಟ್ಟಿ ಹಾಗೇ ಇದ್ದರೆ ಕಣ್ಣು ಮತ್ತೆ ಜೋತುಬೀಳಬಹುದು.

ಇದರ ಪಕ್ಕದಲ್ಲಿ ಗೋಲ್ಡ್‌ಫಿಶ್ ಕತೆಯನ್ನು ಇಟ್ಟು ನೋಡಿ. ಅರೋವಾನಾದ ಕಣ್ಣು ಕೆಳಗೆ ತಿರುಗಿದರೆ ದೋಷ. ಚೀನಾದಲ್ಲಿ ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ ‘ಸೆಲೆಸ್ಟಿಯಲ್’ ಎಂಬ ಗೋಲ್ಡ್‌ಫಿಶ್‌ಗೆ ಎರಡೂ ಕಣ್ಣು ಸದಾ ಆಕಾಶಕ್ಕೆ ತಿರುಗಿರುತ್ತವೆ, ಅದೇ ಅದರ ಹೆಗ್ಗಳಿಕೆ! ಮರಿಯಾಗಿದ್ದಾಗ ಅದರ ಕಣ್ಣು ಎಲ್ಲ ಮೀನುಗಳಂತೆಯೇ ಇರುತ್ತದೆ. ಬೆಳೆಯುತ್ತಾ ಪಕ್ಕಕ್ಕೆ ಉಬ್ಬಿ, ಆಮೇಲೆ ಮೇಲಕ್ಕೆ ಹೊರಳುತ್ತದೆ. ತನ್ನ ಮುಂದಿರುವ ಊಟ ಅದಕ್ಕೇ ಸರಿಯಾಗಿ ಕಾಣದು. ‘ಟೆಲಿಸ್ಕೋಪ್’ ಎಂಬ ಇನ್ನೊಂದು ತಳಿಗೆ ಕಣ್ಣು ಪಕ್ಕಕ್ಕೆ ಉಬ್ಬಿಯೇ ನಿಲ್ಲುತ್ತದೆ. ಅದರ ಮೂಲವನ್ನು 2020ರಲ್ಲಿ ವಿಜ್ಞಾನಿಗಳು ಎಲ್‌ಆರ್‌ಪಿ2 ಎಂಬ ಜೀನ್‌ನಲ್ಲಿ ಗುರುತಿಸಿದರು. ಮನುಷ್ಯರಲ್ಲಿ ಈ ಜೀನ್ ಕೆಟ್ಟರೆ ಬರುವ ಅಪರೂಪದ ಕಾಯಿಲೆಯಲ್ಲಿ ತೀವ್ರ ಸಮೀಪದೃಷ್ಟಿಯೂ ಒಂದು ಲಕ್ಷಣ. ಅಂಗಡಿಯಲ್ಲಿ ಚಂದವೆಂದು ಕೊಂಡ ಉಬ್ಬುಗಣ್ಣಿಗೂ ನಮ್ಮ ದಪ್ಪ ಕನ್ನಡಕಕ್ಕೂ ಹೀಗೊಂದು ನಂಟು!

ಕಣ್ಣೊಳಗಿನ ಗೋಲಿ

ಊಟದ ತಟ್ಟೆಯಲ್ಲಿ ಬೆಂದ ಮೀನಿನ ಕಣ್ಣಿನಿಂದ ಬಿಳಿಯ ಗಟ್ಟಿ ಉಂಡೆಯೊಂದು ಉರುಳುವುದನ್ನು ಕರಾವಳಿಯ ಎಲ್ಲರೂ ಕಂಡಿದ್ದಾರೆ. ಅದೇ ಮೀನಿನ ಮಸೂರ. ಬೇಯುವ ಮುನ್ನ ಅದು ತಿಳಿಯಾದ ಗಾಜಿನ ಗೋಲಿಯಂತೆ ದುಂಡಗೆ, ಪಾರದರ್ಶಕವಾಗಿ ಇರುತ್ತದೆ. ಯಾಕೆ ಇಷ್ಟು ದುಂಡು? ನಮ್ಮ ಕಣ್ಣಿನಲ್ಲಿ ಬೆಳಕನ್ನು ಬಾಗಿಸುವ ಕೆಲಸದ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೊರಗಿನ ಕಾರ್ನಿಯಾವೇ ಮಾಡುತ್ತದೆ. ನೀರಿನೊಳಗೆ ಆ ಆಟ ನಡೆಯದು. ಕಾರ್ನಿಯಾ ಮತ್ತು ನೀರು ಬೆಳಕಿಗೆ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಪೂರ್ತಿ ಹೊರೆ ಮಸೂರದ ಮೇಲೆ!

ಆದರೆ ದುಂಡು ಗಾಜಿಗೆ ಒಂದು ಹುಟ್ಟುದೋಷ. ಅಂಚಿನ ಮೂಲಕ ಹಾಯುವ ಕಿರಣಗಳೂ ನಡುವಿನ ಕಿರಣಗಳೂ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ, ಚಿತ್ರ ಮಸುಕಾಗುತ್ತದೆ. ಮೀನು ಇದನ್ನು ಹೇಗೆ ಗೆದ್ದಿದೆ ಗೊತ್ತೆ? ಅದರ ಮಸೂರ ಒಂದೇ ಸಮನಾದ ವಸ್ತುವೇ ಅಲ್ಲ. ಅಂಚಿನಲ್ಲಿ ತೆಳು, ನಡುವಿಗೆ ಹೋದಂತೆ ದಟ್ಟ, ಇನ್ನೂ ದಟ್ಟ. ಬೆಳಕು ಒಳಗೆ ನುಸುಳುತ್ತಾ ಪ್ರತಿ ಪದರದಲ್ಲೂ ಚೂರು ಚೂರೇ ಬಾಗಿ ಕೊನೆಗೆ ಒಂದೇ ಬಿಂದುವಿಗೆ ಬರುತ್ತದೆ. ಇಂಥ ಮಸೂರದ ಗಣಿತವನ್ನು 1850ರ ದಶಕದಲ್ಲಿ ಬಿಡಿಸಿದವರು ಸಾಕ್ಷಾತ್ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್! ಬೆಳಗಿನ ಉಪಾಹಾರದ ಮೀನನ್ನು ನೋಡುತ್ತ ಅವರಿಗೆ ಇದು ಹೊಳೆಯಿತೆಂಬ ಕತೆಯೂ ಚಾಲ್ತಿಯಲ್ಲಿದೆ. ಮುಂದೆ ಜರ್ಮನಿಯ ಲುಡ್ವಿಗ್ ಮಾಟೀಸೆನ್ ಅಳೆದು ನೋಡಿದರು. ಮೀನು ಚಿಕ್ಕದಿರಲಿ ದೊಡ್ಡದಿರಲಿ, ಮಸೂರದ ನಾಭಿದೂರ ಅದರ ತ್ರಿಜ್ಯದ ಸುಮಾರು ಎರಡೂವರೆ ಪಟ್ಟು.

ಹತ್ತಿರದ್ದನ್ನೂ ದೂರದ್ದನ್ನೂ ನೋಡಲು ನಾವು ಮಸೂರದ ಆಕಾರ ಬದಲಿಸುತ್ತೇವೆ. ಮೀನಿನದು ಗಟ್ಟಿ ಮಸೂರ, ಹಿಗ್ಗದು, ಕುಗ್ಗದು. ಹಾಗಾಗಿ ಒಂದು ಪುಟ್ಟ ಸ್ನಾಯು ಇಡೀ ಮಸೂರವನ್ನೇ ಹಿಂದಕ್ಕೆ ಎಳೆದು ದೂರಕ್ಕೆ ಹೊಂದಿಸುತ್ತದೆ. ಕ್ಯಾಮೆರಾ ಕಂಡುಹಿಡಿದವರು ಬಹಳ ತಡವಾಗಿ ತಲುಪಿದ ಉಪಾಯವಿದು!

ಮಸೂರದ ನಡುತಿರುಳು ಹುಟ್ಟುವ ಮೊದಲೇ ರೂಪುಗೊಂಡು ಕೊನೆಯವರೆಗೂ ಬದಲಾಗದೆ ಉಳಿಯುತ್ತದೆ. ಅದರ ಮೇಲೆ ಪದರಗಳು ಸೇರುತ್ತಾ ಹೋಗುತ್ತವೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಗ್ರೀನ್‌ಲ್ಯಾಂಡ್ ಶಾರ್ಕ್‌ಗಳ ವಯಸ್ಸು ಲೆಕ್ಕ ಹಾಕಿದ್ದು ಈ ತಿರುಳಿನ ಇಂಗಾಲವನ್ನು ಪರೀಕ್ಷಿಸಿಯೇ. ಅವು ಕನಿಷ್ಠ 272 ವರ್ಷ ಬದುಕುತ್ತವೆ ಎಂಬ ಉತ್ತರ ಬಂದಾಗ ಜಗತ್ತೇ ಬೆಚ್ಚಿತು.

ಹುಚ್ಚು ಹಸುವಿನಿಂದ ಸಾಲ್ಮನ್ ಕಣ್ಣಿಗೆ

ಇಂಥ ಮಸೂರಕ್ಕೂ ಪೊರೆ ಬರುತ್ತದೆ. ಕಣ್ಣಿನ ಹೊರಮೈ ತಿಳಿಯಾಗಿದ್ದು ಪಾಪೆಯೊಳಗೆ ಮಾತ್ರ ಹಾಲುಬಿಳುಪು ಕಂಡರೆ ಅದು ಪೊರೆ. ಮುದಿತನ, ಪೆಟ್ಟು, ವಂಶದ ಜೊತೆಗೆ ಊಟದ ಕೊರತೆಯೂ ಇದಕ್ಕೆ ಕಾರಣ. ಸತು ಕಡಿಮೆಯಾದರೂ ರೈಬೋಫ್ಲೇವಿನ್ ಕಡಿಮೆಯಾದರೂ ಮೀನಿಗೆ ಪೊರೆ ಬರಬಹುದು.

ಇದಕ್ಕೊಂದು ಪತ್ತೇದಾರಿ ಕತೆಯಿದೆ. 1990ರ ದಶಕದಲ್ಲಿ ಯುರೋಪಿನ ಸಾಲ್ಮನ್ ಸಾಕಣೆ ಕೇಂದ್ರಗಳಲ್ಲಿ ಮೀನುಗಳಿಗೆ ಪೊರೆ ಹೆಚ್ಚತೊಡಗಿತು. ನೀರು ಸರಿ, ಸೋಂಕಿಲ್ಲ. ಮತ್ತೇನು? ಆಗ ಅತ್ತ ಹುಚ್ಚು ಹಸು ರೋಗದ ಭೀತಿ. ಪ್ರಾಣಿಗಳ ರಕ್ತದ ಪುಡಿಯನ್ನು ಮೀನಿನ ಆಹಾರದಿಂದ ತೆಗೆದುಹಾಕಿದ್ದರು. ಆ ಪುಡಿಯಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಧಾರಾಳವಾಗಿತ್ತು. ಸಾಲ್ಮನ್ ಮಸೂರ ತನ್ನೊಳಗಿನ ನೀರಿನ ಸಮತೋಲ ಕಾಯುವುದು ಅದರಿಂದ ತಯಾರಾದ ಒಂದು ವಸ್ತುವಿನ ನೆರವಿನಿಂದ! ಆಹಾರಕ್ಕೆ ಹಿಸ್ಟಿಡಿನ್ ಸೇರಿಸಿದಾಗ ಪೊರೆ ತಗ್ಗಿತು. ಕೊಟ್ಟಿಗೆಯ ಹಸುವಿಗೆ ಬಂದ ರೋಗದ ಭಯ ಕಡಲ ಮೀನಿನ ಕಣ್ಣಿಗೆ ಪರದೆ ಎಳೆದಿತ್ತು! ವರ್ಷವಿಡೀ ಒಂದೇ ಬಗೆಯ ಆಹಾರ ಹಾಕುವವರು ನೆನಪಿಡಬೇಕಾದ ಪಾಠವಿದು.

ಉಬ್ಬಿ ಹೊರಬಂದ ಕಣ್ಣು

ಆಸ್ಕರ್ ಮೀನು ಸಾಕಿದವರಿಗೆ ‘ಪಾಪ್ ಐ’ ಎಂಬ ಮಾತು ಹೊಸದಲ್ಲ. ದಕ್ಷಿಣ ಅಮೆರಿಕದ ಈ ಒರಟ ಒಂದಡಿಗೂ ಮೀರಿ ಬೆಳೆಯುತ್ತದೆ. ಬಾಲದ ಬುಡದಲ್ಲಿ ಅದಕ್ಕೊಂದು ಸುಳ್ಳು ಕಣ್ಣಿನ ಚುಕ್ಕೆ ಬೇರೆ! ರೆಕ್ಕೆ ಕಚ್ಚಲು ಬರುವ ಪಿರಾನಾಗಳನ್ನು ಮೋಸಗೊಳಿಸಲು ಎಂಬುದು ವಿಜ್ಞಾನಿಗಳ ಊಹೆ. ಆದರೆ ನಿಜವಾದ ಕಣ್ಣು ಉಬ್ಬಿದಾಗ ಸುಳ್ಳು ಕಣ್ಣು ನೆರವಿಗೆ ಬಾರದು. ಗುಡ್ಡೆಯ ಹಿಂದೆ ನೀರೋ ಗಾಳಿಯೋ ತುಂಬುತ್ತದೆ. ಹಿಂದೆ ಮೂಳೆಯ ಗೂಡಿರುವುದರಿಂದ ಗುಡ್ಡೆಗೆ ಉಳಿದ ದಾರಿ ಒಂದೇ, ಹೊರಗೆ.

ಒಂದೇ ಕಣ್ಣು ಉಬ್ಬಿದ್ದರೆ ಹೆಚ್ಚಾಗಿ ಪೆಟ್ಟು. ಕಲ್ಲಿಗೆ ಗುದ್ದಿದ್ದು, ಬಲೆಗೆ ಉಜ್ಜಿದ್ದು, ಜಗಳವಾಡಿದ್ದು. ಎರಡೂ ಉಬ್ಬಿದ್ದರೆ ತೊಂದರೆ ಇಡೀ ಮೈಯದು. ರಕ್ತಕ್ಕಿಳಿದ ಬ್ಯಾಕ್ಟೀರಿಯಾ, ಕೆಲಸ ನಿಲ್ಲಿಸುತ್ತಿರುವ ಮೂತ್ರಪಿಂಡ, ಕೊಳೆತ ನೀರು. ಮೀನಿನ ಕ್ಷಯವೂ ಹೀಗೆ ತೋರಿಕೊಳ್ಳಬಹುದು. ಅದನ್ನು ತರುವ ಬ್ಯಾಕ್ಟೀರಿಯಾಗಳಲ್ಲೊಂದು ಗಾಯವಾದ ಕೈಯನ್ನು ತೊಟ್ಟಿಗೆ ಅದ್ದಿದ ಮನುಷ್ಯನ ಚರ್ಮದಲ್ಲೂ ಗಂಟು ಹುಟ್ಟಿಸಬಲ್ಲದು. ತೊಟ್ಟಿಯ ಕೆಲಸವಾದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ!

ಇನ್ನು ಗಾಳಿ ತುಂಬುವ ಕತೆ. ಮೀನಿನ ಅಕ್ಷಿಪಟಲ ಆಮ್ಲಜನಕಕ್ಕಾಗಿ ಹಸಿದಿರುತ್ತದೆ, ಆದರೆ ಬೆಳಕಿಗೆ ಅಡ್ಡ ಬರಬಾರದೆಂದು ಅದರೊಳಗೆ ರಕ್ತನಾಳಗಳ ಜಾಲ ಕಡಿಮೆ. ಟ್ರೌಟ್‌ನಂಥ ಅನೇಕ ಮೀನುಗಳು ಇದಕ್ಕೆ ಕಣ್ಣಿನ ಹಿಂದೆ ಒಂದು ಪಂಪನ್ನೇ ಇಟ್ಟುಕೊಂಡಿವೆ. ಹೋಗುವ ಮತ್ತು ಬರುವ ಸಣ್ಣ ಸಣ್ಣ ರಕ್ತನಾಳಗಳು ಎದುರುಬದುರಾಗಿ ಹೆಣೆದುಕೊಂಡ ಗ್ರಂಥಿಯದು. ಅಲ್ಲಿ ರಕ್ತ ಹುಳಿಯಾಗುತ್ತದೆ. ಹುಳಿಯಾದೊಡನೆ ಮೀನಿನ ಹಿಮೋಗ್ಲೋಬಿನ್ ಹಿಡಿದಿದ್ದ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. 1931ರಲ್ಲಿ ವಿವರಿಸಿದ ವಿಜ್ಞಾನಿಯ ಹೆಸರಿನಿಂದ ಇದಕ್ಕೆ ರೂಟ್ ಪರಿಣಾಮ ಎನ್ನುತ್ತಾರೆ. ಫಲವಾಗಿ ಕಣ್ಣಿನ ಹಿಂದೆ ಆಮ್ಲಜನಕದ ಒತ್ತಡ ನಾವು ಉಸಿರಾಡುವ ಗಾಳಿಯಲ್ಲಿರುವುದಕ್ಕಿಂತ ಹಲವು ಪಟ್ಟು ಏರುತ್ತದೆ! ಇಷ್ಟು ಅನಿಲದೊತ್ತಡದ ಜಾಗದಲ್ಲಿ ಸಮತೋಲ ತಪ್ಪಿದರೆ ಗುಳ್ಳೆ ಏಳುವುದು ಸುಲಭ. ತೊಟ್ಟಿಯ ಪಂಪಿನ ಕೊಳವೆ ಎಲ್ಲೋ ಸೋರಿ ಗಾಳಿ ಎಳೆದುಕೊಂಡು ಒತ್ತಡದಲ್ಲಿ ನೀರಿಗೆ ಬೆರೆಸಿದರೆ, ನೀರು ಅನಿಲದಿಂದ ಅತಿಯಾಗಿ ತುಂಬಿಕೊಳ್ಳುತ್ತದೆ. ಅದೇ ಅನಿಲ ಮೀನಿನ ರಕ್ತಕ್ಕೆ ಸೇರಿ ರೆಕ್ಕೆಯಲ್ಲೂ ಕಣ್ಣಿನಲ್ಲೂ ಗುಳ್ಳೆಗಳಾಗಿ ಎದ್ದುಬರುತ್ತದೆ.

ರೆಪ್ಪೆಯಿಲ್ಲ, ಕಣ್ಣೀರಿಲ್ಲ

ತೊಟ್ಟಿಯ ಮೀನಿನ ಕಣ್ಣು ಮುಚ್ಚಿದ್ದನ್ನು ಯಾರಾದರೂ ಕಂಡಿದ್ದೀರಾ? ಕಂಡಿರಲಾರಿರಿ. ಅದಕ್ಕೆ ಮುಚ್ಚಲು ರೆಪ್ಪೆಯಿಲ್ಲ, ತೊಳೆಯಲು ಕಣ್ಣೀರೂ ಇಲ್ಲ. ಬಹುಪಾಲು ಮೀನುಗಳಿಗೆ ಪಾಪೆಯನ್ನು ಕಿರಿದಾಗಿಸಿಕೊಳ್ಳಲೂ ಬಾರದು. ಹಾಗಾದರೆ ಬೆಳಕು ಹೆಚ್ಚಾದಾಗ ಏನು ಮಾಡುತ್ತದೆ? ಅಕ್ಷಿಪಟಲದೊಳಗೆ ಮೆರವಣಿಗೆಯೇ ನಡೆಯುತ್ತದೆ! ಕತ್ತಲಿಗೆ ಮೀಸಲಾದ ಕೋಶಗಳು ಹಿಂದೆ ಸರಿಯುತ್ತವೆ, ಹಗಲಿನ ಕೋಶಗಳು ಮುಂದೆ ಬರುತ್ತವೆ, ಕಪ್ಪು ವರ್ಣದ್ರವ್ಯ ನಡುವೆ ಹರಡಿ ನೆರಳು ಕೊಡುತ್ತದೆ. ಇದಕ್ಕೆಲ್ಲ ಹತ್ತಾರು ನಿಮಿಷ ಬೇಕು. ನಡುರಾತ್ರಿ ನಾವು ಟಕ್ಕನೆ ತೊಟ್ಟಿಯ ದೀಪ ಹಾಕಿದರೆ ಮೀನು ಕಣ್ಣು ಕುಕ್ಕಿ, ದಿಕ್ಕೆಟ್ಟು ಗಾಜಿಗೆ ಅಪ್ಪಳಿಸುತ್ತದೆ. ಮೊದಲು ಕೋಣೆಯ ದೀಪ, ಸ್ವಲ್ಪ ಹೊತ್ತಿನ ನಂತರ ತೊಟ್ಟಿಯ ದೀಪ. ಇಷ್ಟು ಮಾಡಿದರೆ ಎಷ್ಟೋ ಕಣ್ಣು ಉಳಿಯುತ್ತವೆ.

ಕಾರ್ನಿಯಾ ಗೀರಿದರೆ ಇನ್ನೊಂದು ಫಜೀತಿ. ಸಿಹಿನೀರಿನ ಮೀನಿನ ಮೈಯೊಳಗೆ ಉಪ್ಪು ಹೆಚ್ಚು, ಹೊರಗೆ ಕಡಿಮೆ. ಗೀರಿದ ಜಾಗದಿಂದ ನೀರು ಒಳನುಗ್ಗುತ್ತದೆ, ಕಾರ್ನಿಯಾ ಊದಿ ಮಂಜಾಗುತ್ತದೆ. ಮೀನಿನ ಹೊಲಸು, ತಿನ್ನದೆ ಬಿಟ್ಟ ಆಹಾರ ಕೊಳೆತು ಅಮೋನಿಯಾ ಏರಿದರೂ ಹೀಗೇ, ಎರಡೂ ಕಣ್ಣು ಮಂಜು. ದೊಡ್ಡ ಮೀನು ದೊಡ್ಡದಾಗಿ ತಿನ್ನುತ್ತದೆ, ದೊಡ್ಡದಾಗಿ ವಿಸರ್ಜಿಸುತ್ತದೆ. ಅಂಗೈಯಗಲದ ಮರಿಯಾಗಿ ತಂದಾಗ ಸಾಕಾಗಿದ್ದ ಫಿಲ್ಟರ್ ವರ್ಷದಲ್ಲಿ ಸೋಲುತ್ತದೆ. ಗೀರೂ ಇಲ್ಲದೆ, ಸೋಂಕೂ ಇಲ್ಲದೆ ಮಂಜಾದ ಎಷ್ಟೋ ಕಣ್ಣುಗಳಿಗೆ ಒಳ್ಳೆಯ ನೀರೇ ಔಷಧಿ.

ಮಸೂರದೊಳಗೊಬ್ಬ ಬಾಡಿಗೆದಾರ

ಈಗ ಕೇಳಿ, ಇಡೀ ಕತೆಯಲ್ಲಿ ಮೈ ಜುಮ್ಮೆನ್ನಿಸುವ ಭಾಗ! ಹೊರಗಿನ ಕೆರೆಕೊಳಗಳ ಮೀನುಗಳ ಕಣ್ಣೊಳಗೆ ಒಮ್ಮೊಮ್ಮೆ ಜೀವಂತ ಹುಳುಗಳು ವಾಸವಿರುತ್ತವೆ. ಹೆಸರು ಡಿಪ್ಲೊಸ್ಟೋಮಮ್. ಬಲಿತ ಹುಳು ಕಡಲಕ್ಕಿಯ ಕರುಳಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆ ಹಿಕ್ಕೆಯೊಂದಿಗೆ ನೀರಿಗೆ ಬೀಳುತ್ತದೆ. ಮರಿ ಬಸವನಹುಳುವಿನೊಳಗೆ ಸೇರಿ ಸಾವಿರಾರಾಗಿ ಹೆಚ್ಚುತ್ತದೆ. ಅಲ್ಲಿಂದ ಹೊರಟು ಮೀನಿನ ಚರ್ಮ ಕೊರೆದು, ಮೈಯೊಳಗೆ ಪಯಣಿಸಿ, ನೇರ ಕಣ್ಣಿನ ಮಸೂರಕ್ಕೆ ಬಂದು ಕೂರುತ್ತದೆ! ಕಣ್ಣೇ ಯಾಕೆ? ಮಸೂರಕ್ಕೆ ರಕ್ತನಾಳವಿಲ್ಲ, ಮೀನಿನ ರೋಗನಿರೋಧಕ ಕೋಶಗಳಿಗೆ ಅಲ್ಲಿ ದಾರಿಯಿಲ್ಲ. ಅದಕ್ಕಿಂತ ಸುರಕ್ಷಿತ ಅಡಗುತಾಣ ಇನ್ನೆಲ್ಲಿ?

ಹುಳುಗಳು ಹೆಚ್ಚಾದರೆ ಮಸೂರಕ್ಕೆ ಪೊರೆ. ಮಬ್ಬುಗಣ್ಣಿನ ಮೀನನ್ನು ಕಡಲಕ್ಕಿ ಸುಲಭವಾಗಿ ಎತ್ತಿಕೊಳ್ಳುತ್ತದೆ, ಹುಳು ಮತ್ತೆ ತನ್ನ ಮನೆ ಸೇರುತ್ತದೆ. ಇದಕ್ಕೂ ಮಿಗಿಲು, ಹುಳು ಎಳೆಯದಾಗಿರುವಾಗ ಮೀನು ಹೆಚ್ಚು ಜಾಗರೂಕವಾಗಿಯೂ, ಹುಳು ಬಲಿತ ಮೇಲೆ ಮೀನು ಹೆಚ್ಚು ಸುಲಭವಾಗಿ ಸಿಕ್ಕಿಬೀಳುವಂತೆಯೂ ವರ್ತಿಸುವುದನ್ನು ಟ್ರೌಟ್ ಮೀನುಗಳ ಪ್ರಯೋಗದಲ್ಲಿ ಕಂಡಿದ್ದಾರೆ. ಬಾಡಿಗೆದಾರನೇ ಮನೆಯ ಯಜಮಾನನನ್ನು ಆಡಿಸುತ್ತಾನೆ! ಮನೆಯೊಳಗಿನ ತೊಟ್ಟಿಗೆ ಕಡಲಕ್ಕಿ ಬಾರದು, ಹಾಗಾಗಿ ಅಲ್ಲಿ ಈ ಚಕ್ರ ಪೂರ್ತಿಯಾಗದು. ಕೊಳದಿಂದ ಹಿಡಿದು ತಂದ ಮೀನಿನ ಕಣ್ಣು ಮಂಜಾಗಿದ್ದರೆ ಮಾತ್ರ ಈ ಅತಿಥಿಯನ್ನೂ ನೆನೆಯಬೇಕು.

ಮತ್ತೆ ಚಿಗುರುವ ನರ

ಇಷ್ಟೆಲ್ಲ ಅಪಾಯಗಳ ನಡುವೆ ಮೀನಿನ ಕೈಯಲ್ಲಿ ಒಂದು ವರವಿದೆ. ನಮ್ಮಲ್ಲಿ ದೃಷ್ಟಿನರ ಕಡಿದರೆ ಮುಗಿಯಿತು, ಜೀವಮಾನದ ಕುರುಡು. ಗೋಲ್ಡ್‌ಫಿಶ್‌ನ ದೃಷ್ಟಿನರ ಕಡಿದರೆ ಮತ್ತೆ ಬೆಳೆಯುತ್ತದೆ! ಬರಿದೇ ಬೆಳೆಯುವುದಿಲ್ಲ, ಒಂದೊಂದು ಎಳೆಯೂ ಮಿದುಳಿನಲ್ಲಿ ತನ್ನ ಹಳೆಯ ಜಾಗವನ್ನು ಹುಡುಕಿ ಹೋಗಿ ಕೂಡುತ್ತದೆ. ಅಮೆರಿಕದ ರೋಜರ್ ಸ್ಪೆರಿ ಕಪ್ಪೆ, ಗೋಲ್ಡ್‌ಫಿಶ್‌ಗಳಲ್ಲಿ ಇದನ್ನು ತೋರಿಸಿ ಮಿದುಳು ತನ್ನ ಸಂಪರ್ಕಗಳನ್ನು ಹೇಗೆ ಹೆಣೆಯುತ್ತದೆ ಎಂಬ ತಿಳಿವಳಿಕೆಯನ್ನೇ ಬದಲಿಸಿದರು. ಮಿದುಳಿನ ಎರಡು ಪಾಲುಗಳ ಬಗೆಗಿನ ಬೇರೊಂದು ಸಂಶೋಧನೆಗೆ 1981ರಲ್ಲಿ ಅವರಿಗೆ ನೊಬೆಲ್ ಬಂತು. ಅಕ್ಷಿಪಟಲ ಹಾಳಾದರೂ ಅಷ್ಟೆ, ಮೀನಿನಲ್ಲಿ ಅದರ ಆಸರೆಯ ಕೋಶಗಳೇ ಹೊಸ ನರಕೋಶಗಳನ್ನು ಹುಟ್ಟಿಸುತ್ತವೆ. ಈ ಗುಟ್ಟನ್ನು ಜೀಬ್ರಾ ಮೀನಿನಿಂದ ಕಲಿತು ಮನುಷ್ಯರ ಕುರುಡಿಗೆ ಮದ್ದು ಹುಡುಕುವ ಪ್ರಯತ್ನ ಇಂದಿಗೂ ನಡೆದಿದೆ.

ಕಣ್ಣೇ ಹೋದರೆ? ಆಗಲೂ ಮೀನು ಕಂಗಾಲಾಗದು. ಮೈಯ ಪಕ್ಕದಲ್ಲಿ ಸಾಗುವ ಪಾರ್ಶ್ವರೇಖೆ ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುತ್ತದೆ. ಒಕ್ಕಣ್ಣಿನ ಆಸ್ಕರ್ ವರ್ಷಗಟ್ಟಲೆ ಬದುಕಬಲ್ಲದು. ತೊಂದರೆ ಕೊಡುವುದು ನೆರೆಹೊರೆ! ಕೆನಡಾದ ವ್ಯಾಂಕೂವರ್ ಅಕ್ವೇರಿಯಂನಲ್ಲಿ ಕಣ್ಣು ತೆಗೆಯಬೇಕಾದ ರಾಕ್‌ಫಿಶ್‌ಗೆ ವೈದ್ಯರು ಕೃತಕ ಕಣ್ಣು ಕೂರಿಸಿದ್ದುಂಟು. ನೋಡಲಿಕ್ಕಲ್ಲ, ಬೇರೆ ಮೀನುಗಳು ಕುರುಡು ಬದಿಯಿಂದ ಬಂದು ಕಾಡದಿರಲಿ ಎಂದು!

ಬಿಕಾನೇರಿನ ನೆಂಟ

ಮತ್ತೆ ಅರೋವಾನಾಕ್ಕೆ ಬರೋಣ, ಯಾಕೆಂದರೆ ದೊಡ್ಡ ಬೆರಗು ಇನ್ನೂ ಬಾಕಿಯಿದೆ. ಈ ಮೀನಿನ ಬಂಧುಗಳು ಇರುವುದು ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ, ಆಫ್ರಿಕ, ದಕ್ಷಿಣ ಅಮೆರಿಕದ ಸಿಹಿನೀರಿನಲ್ಲಿ. ನಡುವೆ ಸಾಗರಗಳು! ಹಾಗಾದರೆ ಏಷ್ಯಾಕ್ಕೆ ಬಂದದ್ದು ಹೇಗೆ? ಕುಮಜಾವಾ ಮತ್ತು ನಿಶಿದಾ ಎಂಬ ಜಪಾನಿನ ವಿಜ್ಞಾನಿಗಳು 2000ದಲ್ಲಿ ಡಿಎನ್‌ಎ ಹೋಲಿಸಿ ನೋಡಿದರು. ಏಷ್ಯಾದ ಅರೋವಾನಾ ಆಸ್ಟ್ರೇಲಿಯಾದ ದಾಯಾದಿಯಿಂದ ಬೇರೆಯಾದದ್ದು ಸುಮಾರು 13-14 ಕೋಟಿ ವರ್ಷಗಳ ಹಿಂದೆ ಎಂಬ ಉತ್ತರ ಬಂತು. ಅವರು ಮುಂದಿಟ್ಟ ವಿವರಣೆ ಏನು ಗೊತ್ತೆ? ಗೊಂಡ್ವಾನಾ ಖಂಡದಿಂದ ಕಳಚಿ ಉತ್ತರಕ್ಕೆ ತೇಲಿದ ನಮ್ಮ ಭಾರತವೇ ಇದರ ಪೂರ್ವಜರನ್ನು ಹೊತ್ತು ತಂದು ಏಷ್ಯಾಕ್ಕೆ ಮುಟ್ಟಿಸಿತು! ಈ ವಂಶದ ಅಳಿದ ಕೆಲವು ಬಂಧುಗಳು ಕಡಲಿನಲ್ಲೂ ಈಜುತ್ತಿದ್ದವು, ಅವು ಸಮುದ್ರ ದಾಟಿಯೇ ಬಂದಿರಬಹುದು ಎನ್ನುವ ವಿಜ್ಞಾನಿಗಳೂ ಇದ್ದಾರೆ.

ಆದರೆ ಪಳೆಯುಳಿಕೆ ಸುಳ್ಳು ಹೇಳದು. ರಾಜಸ್ಥಾನದ ಬಿಕಾನೇರ್ ಸೀಮೆಯ ಪಲಾನಾ ಪದರಗಳಲ್ಲಿ ಅರೋವಾನಾ ವಂಶದ ಮೀನಿನ ಪಳೆಯುಳಿಕೆ ಸಿಕ್ಕಿದೆ. ಅದಕ್ಕೆ ಟ್ಯಾವರ್ನಿಕ್ತಿಸ್ ಬಿಕಾನೆರಿಕಸ್ ಎಂದು ಹೆಸರಿಟ್ಟಿದ್ದಾರೆ. ಪೇಲಿಯೊಸೀನ್ ಯುಗದ್ದು, ಅಂದರೆ 6.6ರಿಂದ 5.6 ಕೋಟಿ ವರ್ಷಗಳಷ್ಟು ಹಿಂದಿನದು. ಹಿಮಾಲಯ ಇನ್ನೂ ಎದ್ದಿರಲಿಲ್ಲ! ಇಂದು ಒಂಟೆ ನಡೆಯುವ ನೆಲದಲ್ಲಿ ಅಂದು ಈ ಮೀನಿನ ನೆಂಟ ಈಜಾಡುತ್ತಿತ್ತು. ನಮ್ಮ ತುಂಗಭದ್ರೆಯಲ್ಲೂ ಸಿಗುವ, ಚೂರಿಯಲಗಿನ ಮೈಯ ಫೆದರ್‌ಬ್ಯಾಕ್ ಮೀನು ಇದೇ ಗಣದ ದೂರದ ಸಂಬಂಧಿ. ‘ವಾಸ್ತು’ ಹೆಸರಿನಲ್ಲಿ ನಾವು ವಿದೇಶೀ ಎಂದು ಕೊಂಡು ತರುವ ಮೀನಿನ ಮನೆತನ ನಮ್ಮ ನೆಲಕ್ಕೆ ನಮಗಿಂತ ಹಳೆಯದು!

ಕಾಡಿನಲ್ಲಿ ಈಗ ಅದರ ಪಾಡು ಚೆನ್ನಾಗಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಿಂದಲೇ ಏಷ್ಯಾದ ಅರೋವಾನಾವನ್ನು ಅತ್ಯಂತ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿಟ್ಟಿದೆ. ಗಂಡು ಮೀನು ದೊಡ್ಡ ದೊಡ್ಡ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು, ಮರಿ ಈಜುವವರೆಗೆ ಸುಮಾರು ಎರಡು ತಿಂಗಳು ಕಾಯುತ್ತದೆ. ಒಂದು ಸಲಕ್ಕೆ ಕೆಲವೇ ಡಜನ್ ಮರಿ. ಇಷ್ಟು ನಿಧಾನದ ಸಂಸಾರ ಬಲೆಯ ವೇಗವನ್ನು ತಾಳದು. ಭಾರತದಲ್ಲಿ ಏಷ್ಯಾದ ಅರೋವಾನಾ ಸಾಕಿದವರು 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ನೋಂದಾಯಿಸಬೇಕು.

ಕಣ್ಣು ಓದಲು ಕಲಿಯಿರಿ

ಇನ್ನು ಮುಂದೆ ಹೋಟೆಲಿನಲ್ಲೋ ನೆಂಟರ ಮನೆಯಲ್ಲೋ ದೊಡ್ಡ ಮೀನಿನ ತೊಟ್ಟಿ ಕಂಡರೆ ಬಣ್ಣವನ್ನು ಆಮೇಲೆ ನೋಡಿ, ಮೊದಲು ಕಣ್ಣು ನೋಡಿ. ಒಂದು ಕಣ್ಣು ಉಬ್ಬಿದೆಯೇ? ಮೊನಚು ಕಲ್ಲು, ಜಗಳಗಂಟ ಸಂಗಾತಿ, ಇವುಗಳ ಮೇಲೆ ಅನುಮಾನ ಪಡಿ. ಎರಡೂ ಉಬ್ಬಿವೆಯೇ? ನೀರು ಪರೀಕ್ಷಿಸಿ, ಮೀನುಗಳನ್ನು ಬಲ್ಲ ಪಶುವೈದ್ಯರನ್ನು ಕೇಳಿ. ಕಣ್ಣಿನ ಮೇಲ್ಮೈ ಮಂಜಾಗಿದೆಯೇ? ಅಮೋನಿಯಾ, ಇಲ್ಲವೇ ಗೀರು. ಪಾಪೆಯೊಳಗೆ ಬಿಳುಪೇ? ಊಟದ ಪಟ್ಟಿ ಬದಲಿಸಿ. ಗುಳ್ಳೆಗಳೇ? ಪಂಪಿನ ಕೊಳವೆಯನ್ನು ತಡವಿ ನೋಡಿ. ಅರೋವಾನಾದ ನೋಟ ಕೆಳಗಿಳಿಯುತ್ತಿದೆಯೇ? ಕೊಬ್ಬು ಕಡಿಮೆ ಮಾಡಿ, ತೇಲುವ ಆಹಾರ ಕೊಡಿ, ದೊಡ್ಡ ತೊಟ್ಟಿ ಕಟ್ಟಿಸಿ. ಕಟ್ಟಿಸಲು ಜಾಗವಿಲ್ಲದಿದ್ದರೆ ಹೆಚ್ಚು ಕಡಿಮೆ ಮೀಟರ್ ಉದ್ದ ಬೆಳೆಯುವ ಮೀನನ್ನು ಮರಿಯಾಗಿದ್ದಾಗ ಮುದ್ದಾಗಿದೆ ಎಂದು ತರಲೇಬೇಡಿ!

ನೋವಾದರೆ ಕೂಗಲು ಮೀನಿಗೆ ದನಿಯಿಲ್ಲ, ಅಳಲು ಕಣ್ಣೀರಿಲ್ಲ. ಆದರೆ ನೀರು, ಊಟ, ಬೆಳಕು, ಜಾಗ, ನಾವು ಕೊಟ್ಟ ನಾಲ್ಕರಲ್ಲಿ ಯಾವುದು ಕೆಟ್ಟರೂ ಅದು ಕಣ್ಣಿನಲ್ಲೇ ದಾಖಲಾಗುತ್ತದೆ. ಅಷ್ಟು ಪ್ರಾಮಾಣಿಕವಾದ ವರದಿ ಗಾಜಿನಾಚೆ ದಿನವೂ ಸಿದ್ಧವಿರುವಾಗ ಓದದೆ ಬಿಡುವುದೇಕೆ? ಓದಲು ಬೇಕಾದದ್ದು ದಿನಕ್ಕೆ ಎರಡು ನಿಮಿಷ ಮತ್ತು ಇಷ್ಟು ಕುತೂಹಲ, ಅಷ್ಟೆ.